ಬಾವಿಗೆ ಕಾವಲಿಲ್ಲದ ಊರು

ಜನವರಿ ೧೨, ೧೯೩೪. ಶುಕ್ರವಾರ

ನಮ್ಮ ಸರ್ಕಾರಿ ಸ್ಕೂಲಿಗೆ ರಜೆ ಶುಕ್ರವಾರ, ಭಾನುವಾರವಲ್ಲ. ಇವತ್ತೂ ಕೆರೆ ದಂಡೆ. ಶರಣಬಸವೇಶ್ವರ ಗುಡಿಯ ಗಂಟೆ ಇಲ್ಲಿಗೆ ಕೇಳುತ್ತದೆ, ಅದೇ ನನ್ನ ಗಡಿಯಾರ. ತೊಡೆಯ ಮೇಲೆ ಕಾದಂಬರಿ, ಪಕ್ಕದಲ್ಲಿ ಡಿಕ್ಷನರಿ. ಎರಡೂ ದೇವೀಂದ್ರಪ್ಪ ಮಾಸ್ತರರವು. ಒಂದು ಪೇಜು ದಾಟಬೇಕಾದರೆ ಹತ್ತು ಸಲ ಡಿಕ್ಷನರಿ ಬಿಚ್ಚಬೇಕು. ಸರಳವಾಗಿ ಬರೆದರೆ ಈ ಇಂಗ್ಲಿಷಿನವರ ಮರ್ಯಾದೆ ಹೋಗುತ್ತದೆಯೋ ಏನೋ.

ಪುಸ್ತಕಕ್ಕೆ ರಟ್ಟಿಲ್ಲ. ಮೊದಲ ಹಾಳೆಗಳನ್ನು ಯಾವುದೋ ಇಲಿ ಓದಿ ಮುಗಿಸಿದೆ. ಹೆಸರು ಮಾಸ್ತರರು ಹೇಳಿದ್ದರು, ನನ್ನ ನಾಲಿಗೆಗೆ ಹೊರಳಲಿಲ್ಲ, ಮರೆತೆ. "ಭಾಳ ಹೆಸರಾದ ಕಾದಂಬರಿ ಅದ ಮಾಪಣ್ಣ. ವಿಲಾಯತಿಯೊಳಗ ದೊಡ್ಡ ದೊಡ್ಡ ಮಂದಿ ಓದಿ ನಡುಗ್ಯಾರ" ಎಂದಿದ್ದರು.

ನಡುಗುವಂಥದ್ದು ಇನ್ನೂ ಸಿಕ್ಕಿಲ್ಲ. ಮುಂದೆಂದೋ ಬರಲಿರುವ ಕಾಲದ ಒಂದು ಊರು. ಎಲ್ಲರಿಗೂ ಒಂದೇ ಬೂದಿ ಬಣ್ಣದ ಕೋಟು. ಗಂಟೆ ಹೊಡೆದರೆ ಎಲ್ಲರೂ ಒಂದೇ ದೊಡ್ಡ ಕೋಣೆಯಲ್ಲಿ, ಒಂದೇ ಸಾಲಿನಲ್ಲಿ ಊಟಕ್ಕೆ ಕೂರಬೇಕು. ಯಾರ ಮಗ, ಯಾವ ಕೇರಿ ಎಂದು ಕೇಳುವ ಹಾಗಿಲ್ಲ. ಕೇಳಿದವನಿಗೆ ಶಿಕ್ಷೆ! ಊರ ನಡುವೆ ದೊಡ್ಡದೊಂದು ಬಾವಿ. ಕಾವಲಿಲ್ಲ. ಬಾಯಾರಿದವರು ಬಂದು ಸೇದಿ ಕುಡಿಯುತ್ತಾರೆ.

ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಡಿಕ್ಷನರಿ ಬೇಕಾಗಲಿಲ್ಲ.

ಜನವರಿ ೧೫, ಸಂಜೆ

ಸ್ಕೂಲಿನಲ್ಲಿ ಲೆಕ್ಕ ಉರ್ದುವಿನಲ್ಲಿ, ಚರಿತ್ರೆ ಉರ್ದುವಿನಲ್ಲಿ. ನೀರು ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಒಂದೇ — ಜವಾನ ಬಂದು ಎತ್ತಿ ಹೊಯ್ಯುವವರೆಗೆ ಬೊಗಸೆ ಒಡ್ಡಿಕೊಂಡು ನಿಲ್ಲಬೇಕು. ನನ್ನಂಥ ಹೊಲಗೇರಿಯವನು ಗಡಿಗೆ ಮುಟ್ಟಬಾರದು. ಇವತ್ತು ಜವಾನ ಬರಲೇ ಇಲ್ಲ. ಕಪನೂರಿನವರೆಗೆ ಒಣಗಂಟಲಲ್ಲಿ ನಡೆದು ಬಂದೆ.

ಅಂಬಣ್ಣ ಮಾಮ ಖಣಿಯಿಂದ ಬಂದು ಕೈ ತೊಳೆಯುತ್ತಿದ್ದ. ಓದಿಗಾಗಿ ಇವನ ಮನೆಯಲ್ಲಿದ್ದೇನೆ. ಕಲ್ಲು ಒಡೆದು ಒಡೆದು ಅವನ ಅಂಗೈಯೂ ಕಲ್ಲೇ ಆಗಿದೆ. ಕಾದಂಬರಿಯ ಊರಿನ ಕಥೆ ಹೇಳಿದೆ. ಪೂರ್ತಿ ಕೇಳಿದ.

"ಅಲ್ಲಿಗಿ ಯಾವ ಗಾಡಿ ಹೋಗ್ತದ?"

"ಅದು ಬರೇ ಕಥಿ ಮಾಮ."

"ಹಂಗಂದ್ರ ಮತ್ಯಾಕ ಆಸಿ ಹಚ್ತಿ?" ಎಂದು ಬೈದ.

ಜನವರಿ ೧೮

ಬ್ರಹ್ಮಪುರ. ಮಾಸ್ತರರ ಮನೆ. ಅವರು ಕಟ್ಟೆಯ ಮೇಲೆ, ನಾನು ಕೆಳಗೆ. ಎಲ್ಲಿಯವರೆಗೆ ಓದಿದಿ, ಹ್ಯಾಂಗನಿಸ್ತು ಎಂದು ಕೇಳಿದರು. ಉತ್ಸಾಹದಲ್ಲಿ ಶುರು ಮಾಡಿದೆ. ಎಂಥ ಊರು ಸರ್, ಎಂಥ ವ್ಯವಸ್ಥೆ, ಬರೆದವನು ದೊಡ್ಡ ಮನುಷ್ಯ, ಸ್ವರ್ಗವನ್ನೇ ಕಟ್ಟಿದ್ದಾನೆ ಎಂದೆ.

ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಅಡಿಕೆ ನೆತ್ತಿಗೇರಿ ಕೆಮ್ಮಿದರು.

"ಅಯ್ಯ ಹುಚ್ಚಪ್ಪ, ಅದು ಸ್ವರ್ಗ ಅಲ್ಲೋ! ನರಕ ಅದ, ನರಕ. ಬರದಾಂವ ಅಂಜಿ ಬರದಾನ. ಎಲ್ಲಾರೂ ಒಂದೇ ಥರ ಆದ್ರ ಮನುಷ್ಯಾನ ಗತಿ ಏನು ಅಂತ."

ಮುಖ ಬಿಸಿಯಾಯಿತು. ತಪ್ಪು ಓದಿದ್ದೇನೆ ಎಂಬುದು ಒಂದು ನಾಚಿಕೆ. ಆದರೂ ಬಾಯಿ ಸುಮ್ಮನಿರಲಿಲ್ಲ. "ಬಾವಿ ಮುಟ್ಟಬ್ಯಾಡ ಅನ್ನೋರು ಯಾರೂ ಇಲ್ದ ಊರು ನರಕ ಹ್ಯಾಂಗ ಆಗ್ತದ್ರೀ ಸರ್?"

ಮಾಸ್ತರರ ನಗು ನಿಂತಿತು. ಬೀದಿ ನೋಡುತ್ತ ಕುಳಿತರು. "ಪೂರಾ ಓದು" ಎಂದಷ್ಟೇ ಹೇಳಿ ಒಳಗೆ ಹೋದರು.

ಜನವರಿ ೧೯

ಕಾದಂಬರಿ ಮುಟ್ಟಲಿಲ್ಲ. ಸಿಟ್ಟು. ಮಾಸ್ತರರ ಮೇಲೋ, ಬರೆದವನ ಮೇಲೋ, ಗೊತ್ತಿಲ್ಲ. ಹೊಟ್ಟೆ ತುಂಬಿದವರ ಭಯಗಳೇ ಬೇರೆ.

ಜನವರಿ ೨೭

ಮತ್ತೆ ಹಿಡಿದೆ. ಸಿಟ್ಟಿನಿಂದಲೇ ನಾಲ್ಕು ಚಾಪ್ಟರ್ ಮುಗಿಸಿದೆ.

ಬಂತು, ನಡುಗುವಂಥದ್ದು. ಆ ಊರಿನಲ್ಲಿ ಕೂಸು ಹುಟ್ಟಿದ ದಿನವೇ ತಾಯಿಯಿಂದ ಎತ್ತಿ ಒಯ್ಯುತ್ತಾರೆ. ಮಕ್ಕಳಿಗೆಲ್ಲ ಒಂದೇ ದೊಡ್ಡ ಮನೆ. ಚೆನ್ನಾಗಿ ಸಾಕುತ್ತಾರೆ, ಓದಿಸುತ್ತಾರೆ. ಆದರೆ ತಾಯಿ ಯಾರೆಂದು ಮಗುವಿಗೆ ತಿಳಿಯಬಾರದು. ಯಾರ ಮಗ ಎಂದು ಯಾರೂ ಕೇಳದಿರುವುದು ಇದಕ್ಕೇ! ಕಥಾನಾಯಕ ನನ್ನ ವಯಸ್ಸಿನವನು. ಬೀದಿಯಲ್ಲಿ ಮುದುಕಿ ಕಂಡರೆ ಇವಳೇ ಇರಬಹುದೇ ಎಂದು ಹಿಂದೆ ಹೋಗುತ್ತಾನೆ.

ಪುಸ್ತಕ ಮುಚ್ಚಿಟ್ಟೆ. ಅವ್ವನ ನೆನಪಾಯಿತು. ಕಮಲಾಪುರದಲ್ಲಿ ಅಲ್ಲಾವುದ್ದೀನ್ ಸಾಹೇಬರ ಬಾಳೆ ತೋಟದಲ್ಲಿ ಗೊನೆ ಹೊರುತ್ತಿರುತ್ತಾಳೆ. ಅಪ್ಪ ಪ್ಲೇಗಿನಲ್ಲಿ ಹೋದಾಗಿನಿಂದ ಅದೇ ಕೆಲಸ. ಅಪ್ಪನ ಮುಖ ನನಗೆ ನೆನಪಿಲ್ಲ. ಇರುವವಳು ಅವ್ವ ಒಬ್ಬಳೇ.

ಫೆಬ್ರವರಿ ೪, ಭಾನುವಾರ

ಮಾಸ್ತರರು ಕ್ಲಾಸು ಮುಗಿದ ಮೇಲೆ ನಿಲ್ಲಿಸಿಕೊಂಡರು. ಹೈದರಾಬಾದಿನಲ್ಲಿ ಒಂದು ಹಾಸ್ಟೆಲ್ ಇದೆ. ನಡೆಸುವವರು ಒಬ್ಬ ವಕೀಲ ಸಾಹೇಬರು. ಊಟ, ಬಟ್ಟೆ, ಪುಸ್ತಕ, ಕಾಲೇಜಿನ ಫೀ, ಎಲ್ಲ ಅವರದೇ. ಜಾತಿ ಕೇಳುವುದಿಲ್ಲ. ಎಲ್ಲರಿಗೂ ಒಂದೇ ಪಂಕ್ತಿ. ಮುಂದಿನ ತಿಂಗಳು ಹುಡುಗರನ್ನು ಆರಿಸಲು ಇಲ್ಲಿಗೆ ಬರುತ್ತಾರೆ. ಮಾಸ್ತರರು ನನ್ನ ಹೆಸರು ಹೇಳಿದ್ದಾರೆ.

ನನ್ನ ಕಾಲು ನೆಲದ ಮೇಲಿರಲಿಲ್ಲ. ಮೆಟ್ರಿಕ್ ಆದ ಮೇಲೆ ಖಣಿಯೇ ಗತಿ ಎಂದುಕೊಂಡಿದ್ದೆ.

"ಒಂದು ಮಾತು ಅದ" ಎಂದರು ಮಾಸ್ತರರು. "ಅದು ಅನಾಥ ಹುಡುಗೂರ ಹಾಸ್ಟೆಲ್. ತಾಯಿ-ತಂದಿ ಇಬ್ಬರೂ ಇರಬಾರದು. ಅಪ್ಪ ಅಂತೂ ಇಲ್ಲ ನಿನಗ. ಅವರು ಕೇಳಿದಾಗ ಅವ್ವನೂ ಇಲ್ಲ ಅಂದ್ಬಿಡು. ಒಂದೇ ಮಾತು. ನಾ ಸಾಕ್ಷಿ ಹೇಳ್ತೀನಿ."

ಕಾದಂಬರಿಯವನು ಎಲ್ಲೋ ವಿಲಾಯತಿಯಲ್ಲಿ ಕುಳಿತು ನನ್ನನ್ನೇ ನೋಡಿ ಬರೆದನೇ? ಜಾತಿ ಕೇಳುವುದಿಲ್ಲ. ತಾಯಿ ಇರಬಾರದು.

ಫೆಬ್ರವರಿ ೯, ಶುಕ್ರವಾರ. ಕಮಲಾಪುರ

ಅವ್ವನನ್ನು ಕೇಳದೆ ಆಗದು. ಬೆಳಿಗ್ಗೆ ಕಪನೂರಿನ ಮುಂದೆ ಹಾಯ್ದ ಖಾಲಿ ಬಂಡಿ ಹತ್ತಿ ಬಂದೆ. ಮಧ್ಯಾಹ್ನ ತೋಟದ ಬದುವಿನಲ್ಲಿ ಸಿಕ್ಕಳು. ಕೆಂಪು ಬಾಳೆಯ ಗೊನೆ ಇಳಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬಿ ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡಳು. ನನ್ನನ್ನು ನೋಡಿ ಮೊದಲ ಮಾತು, "ಒಣಗಿದಿ". ಯಾವಾಗ ಬಂದರೂ ಇದೇ. ನಾನು ಡೊಳ್ಳುಹೊಟ್ಟೆ ಹೊತ್ತು ಬಂದರೂ ಒಣಗಿದಿ ಎನ್ನುತ್ತಾಳೆ.

ಹೇಳಿದೆ. ತಡವರಿಸಿ, ಅರ್ಧ ನುಂಗಿ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಜೋರಾಗಿ ನಕ್ಕಳು.

"ಇಷ್ಟಕ್ಕ ಮಾರಿ ಇಷ್ಟು ಸಣ್ಣದು ಮಾಡ್ಕೊಂಡಿ? ಸತ್ತಾಳ ಅನ್ನು. ಬಾಯಿಲೇ ಸಾಯ್ಲಿಕ್ಕ ನನಗೇನು ತ್ರಾಸು?"

"ಅವ್ವಾ..."

"ಸುಮ್ಕಿರು. ಇದ್ದೋರನ್ನ ಸತ್ತಾರಂತ ಅಂದ್ರ ಆಯುಷ್ಯ ಹೆಚ್ಚಾಗ್ತದ, ಗೊತ್ತಿಲ್ಲೇನು ನಿನಗ? ನಮ್ಮಪ್ಪ, ನಿಮ್ಮ ಮುತ್ತ್ಯಾ, ಸತ್ತಾನಂತ ಹಿಂಗೇ ಒಂದು ಸಲ ಸುದ್ದಿ ಬಂದಿತ್ತು. ಎಲ್ಲಾರೂ ಅತ್ತು ಕರೆದು ಮಾಡೀವಿ. ಸಂಜಿಗಿ ಬಂದು ರೊಟ್ಟಿ ಕೇಳ್ದ. ಅಲ್ಲಿಂದ ಎಷ್ಟು ವರ್ಷ ಬದುಕ್ದ ಅಂತಿ!"

ನಮ್ಮವರೆಲ್ಲ ಇದನ್ನು ನಂಬುತ್ತಾರೆ. ನಾನೂ ನಂಬುತ್ತಿದ್ದೆ. ಇವತ್ತು ನಂಬಬೇಕೆಂದು ಬಹಳ ಪ್ರಯತ್ನಿಸಿದೆ.

ಹೊರಡುವಾಗ ಹತ್ತಿರ ಬಂದಳು. ನಗು ಇರಲಿಲ್ಲ. "ಗೊನಿ ಹೊತ್ತು ಹೊತ್ತು ನನ್ನ ನೆತ್ತಿ ಸವದದ ಮಾಪಣ್ಣ. ನಿನ್ನ ನೆತ್ತಿ ಮ್ಯಾಲ ಏನೂ ಬರಬಾರದು. ನನ್ನ ಆಣಿ ಅದ."

ಫೆಬ್ರವರಿ ೨೧

ಕಾದಂಬರಿ ಮುಗಿಯಿತು. ಕಡೆಯಲ್ಲಿ ಕಥಾನಾಯಕ ಊಟದ ಕೋಣೆಯಲ್ಲಿ ತನ್ನ ಪಾಲಿನ ಬ್ರೆಡ್ಡನ್ನು ದಿನಕ್ಕೊಬ್ಬ ಮುದುಕಿಗೆ ಕೊಡತೊಡಗುತ್ತಾನೆ. ಯಾರು ತಾಯಿ ಎಂದು ಗೊತ್ತಾಗದಿದ್ದರೆ ಎಲ್ಲರಿಗೂ ಕೊಟ್ಟರಾಯಿತು ಎಂದು. ಒಂದು ದಿನ ಅವನ ಜಾಗ ಖಾಲಿ. ಗಂಟೆ ಹೊಡೆಯುತ್ತದೆ, ಉಳಿದವರು ಉಣ್ಣುತ್ತಾರೆ. ಅಷ್ಟೇ.

ಕೆರೆ ದಂಡೆಯಲ್ಲಿ ಕುಳಿತು ಅತ್ತೆ. ಆಮೇಲೆ ಒಂದು ಯೋಚನೆ ಬಂತು — ಅವನು ಹುಡುಕಿ ಸತ್ತ. ನಾನು ಸಿಕ್ಕವಳನ್ನು ಬಿಡಲು ಹೊರಟಿದ್ದೇನೆ. ಇದರಲ್ಲಿ ಅಳುವ ಹಕ್ಕು ನನಗೆಲ್ಲಿದೆ?

ಮಾರ್ಚ್ ೩, ಶನಿವಾರ

ಹೈದರಾಬಾದಿನಿಂದ ಹಾಸ್ಟೆಲಿನವರು ಬಂದಿದ್ದರು. ಸ್ಕೂಲಿನಲ್ಲೇ ಕುಳಿತು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದರು. ಮಾಸ್ತರರು ಕೊಟ್ಟ ಇಸ್ತ್ರಿ ಶರ್ಟು ಹಾಕಿಕೊಂಡಿದ್ದೆ. ವಕೀಲ ಸಾಹೇಬರು ಮೂಲ ರಾಯಚೂರಿನ ಕಡೆಯವರು, ಕನ್ನಡ ಬರುತ್ತದೆ. ಕುರ್ಚಿ ತೋರಿಸಿ ಕೂರು ಎಂದರು. ಕುರ್ಚಿ! ಜನ್ಮದಲ್ಲಿ ಮೊದಲ ಸಲ. ತುದಿಯಲ್ಲಿ ಕುಳಿತೆ.

ಇಂಗ್ಲಿಷ್ ಓದಿಸಿದರು. ಈಚೆಗೆ ಏನು ಓದಿದಿ ಎಂದರು. ಕಾದಂಬರಿಯ ಬಗ್ಗೆ ಹೇಳಿದೆ. ಬಹಳ ಖುಷಿಪಟ್ಟರು.

"ಅಪ್ಪ ಇಲ್ಲ, ಮಾಲೂಮ್ ಹೈ. ತಾಯಿ?"

"ಇಲ್ಲರಿ."

ಬಂತು ಬಾಯಿಂದ. ಸುಲಭವಾಗಿ ಬಂತು. ಅದೇ ಬೇಜಾರು. ಸೀಟು ಸಿಕ್ಕಿತು.

ಮಾರ್ಚ್ ೪, ಭಾನುವಾರ

ನಿಧಾನವಾಗಿ ಬರೆಯಬೇಕು. ನಡೆದ ಹಾಗೇ.

ವಕೀಲರಿಗೆ ಊರು ನೋಡಬೇಕಿತ್ತು. ಸ್ಕೂಲು ಬಿಟ್ಟ ಮೇಲೆ ಮಾಸ್ತರರು, ನಾನು ಜೊತೆಗೆ. ಕಿಲ್ಲೆ ನೋಡಿ ಬಜಾರಿಗೆ ಬಂದೆವು. ಅಲ್ಲಿ ಅಲ್ಲಾವುದ್ದೀನ್ ಸಾಹೇಬರ ಬಂಡಿ ನಿಂತಿತ್ತು. ಅವ್ವ ಗೊನೆ ಇಳಿಸುತ್ತಿದ್ದಳು. ಮಾಸ್ತರರಿಗೆ ಅವಳ ಗುರುತಿಲ್ಲ. ನಾನು ನಿಂತಲ್ಲೇ ನಿಂತೆ. ಅವಳು ಒಂದು ಸಲ ನೋಡಿದಳು. ಬಜಾರಿನಲ್ಲಿ ಹೋಗಿಬರುವವರನ್ನು ನೋಡುವ ಹಾಗೆ ನೋಡಿದಳು, ಮತ್ತೆ ಗೊನೆಗೆ ಕೈ ಹಾಕಿದಳು.

"ಕಮಲಾಪುರದ ಕೆಂಪು ಬಾಳಿ, ತಿನ್ನಲೇಬೇಕು" ಎಂದು ವಕೀಲರು ಬಂಡಿಯ ಹತ್ತಿರ ಹೋದರು. ಅಲ್ಲಾವುದ್ದೀನ್ ಸಾಹೇಬರು ಬೇರೆ ಗಿರಾಕಿಯ ಜೊತೆ ಚೌಕಾಸಿಯಲ್ಲಿದ್ದರು. ನೋಡದೇ ಅವ್ವನಿಗೆ ಕೂಗಿದರು, "ಸಾಬಮ್ಮ, ದೇ ರೇ ಉನಕೂ!"

ಅವ್ವ ಹಣ್ಣು ಮುರಿದು, ವಕೀಲರ ಅಂಗೈಗೆ ಮೇಲಿನಿಂದ ಬಿಟ್ಟಳು. ದೊಡ್ಡ ಜಾತಿಯವರಿಗೆ ನಮ್ಮವರು ಏನು ಕೊಟ್ಟರೂ ಹೀಗೇ, ಬೆರಳು ತಾಗದ ಹಾಗೆ.

"ಕೈಯಾಗೇ ಕೊಡವ್ವ, ನಾ ಅದೆಲ್ಲ ನೋಡೋದಿಲ್ಲ" ಎಂದರು ವಕೀಲರು.

"ಇರಲಿ ಬಿಡ್ರೀ ಮಾಲಕ್. ರೂಢಿ ಅದ."

"ಮಕ್ಕಳೆಷ್ಟು?"

"ಯಾರೂ ಇಲ್ಲರಿ." ಹಣ್ಣು ಮುರಿಯುತ್ತಲೇ ಹೇಳಿದಳು.

ಆಮೇಲೆ ನನ್ನ ಕಡೆ ತಿರುಗಿದಳು. ಇಸ್ತ್ರಿ ಶರ್ಟು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು, ಕೈ ಇನ್ನೂ ಮೇಲೆತ್ತಿ, "ಹಿಡೀರಿ ಸಣ್ಣ ಸಾಹೇಬ್ರ" ಎಂದಳು.

ನಾನು ಕೈ ಒಡ್ಡಲಿಲ್ಲ. ಹಣ್ಣು ಧೂಳಿಗೆ ಬಿತ್ತು. ಅವಳ ಮಣಿಕಟ್ಟು ಹಿಡಿದುಕೊಂಡೆ. ಬಿಡಿಸಿಕೊಳ್ಳಲು ನೋಡಿದಳು. ಕಣ್ಣಿನಲ್ಲೇ ಬ್ಯಾಡ ಬ್ಯಾಡ ಎಂದಳು. ನಾನು ವಕೀಲರಿಗೆ ಹೇಳಿದೆ, "ಇಕಿ ನಮ್ಮವ್ವ ರೀ. ನಿನ್ನಿ ಸುಳ್ಳ ಹೇಳೀನಿ."

ಮಾಸ್ತರರು ತಲೆ ತಗ್ಗಿಸಿದರು. ವಕೀಲರು ಹಣ್ಣು ತಿಂದು ಮುಗಿಸಿದರು. ಕೊನೆಗೆ, "ನಿನ್ನಿ ಮಾತಿಗಿ ಸಿಟ್ಟಾಗ್ಬೇಕೋ, ಇವತ್ತಿನ ಮಾತಿಗಿ ಖುಷಿಯಾಗ್ಬೇಕೋ ತಿಳೀವಲ್ದು. ಆದ್ರ ಸೀಟು ಅನಾಥರದು. ಇನ್ನೊಬ್ಬ ಹುಡುಗನ ಪಾಲು ನಾ ನಿನಗ ಕೊಡಾಕ ಆಗೂದಿಲ್ಲ" ಎಂದರು. ಕೆಟ್ಟವರಲ್ಲ. ನನ್ನ ಹೆಗಲು ತಟ್ಟಿ ಹೋದರು.

ಮಾರ್ಚ್ ೫. ಕಪನೂರ

ಅವ್ವ ಬಂಡಿಯ ಜೊತೆ ವಾಪಸು ಹೋಗಲಿಲ್ಲ, ಇಲ್ಲೇ ಇಳಿದಿದ್ದಾಳೆ. ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ. ಮಾಮನ ಜೊತೆ ನನಗೆ ಕೇಳುವ ಹಾಗೆ ಮಾತಾಡುತ್ತಾಳೆ. ಇಷ್ಟು ಓದಿದರೂ ಕೆಲವರ ತಲೆಯಲ್ಲಿ ಬರೇ ಹೊಟ್ಟು ಎಂದಳು. ಮಾಮ ನಗುತ್ತಾನೆ. ಅವಳು ಅವನನ್ನೂ ಬೈಯುತ್ತಾಳೆ.

ಮುಂಜಾನೆ ಮಾಸ್ತರರಿಗೆ ಪುಸ್ತಕ ಹಿಂದಿರುಗಿಸಿದೆ. "ಈಗಾದ್ರೂ ತಿಳೀತಾ, ಅದು ನರಕ ಅಂತ?" ಎಂದರು. ಅವರೇ ಗೆದ್ದರು ಎಂದುಕೊಂಡಿರಬೇಕು. ಗೆದ್ದಿಲ್ಲ. ಆ ಬಾವಿ ನನಗೆ ಇವತ್ತಿಗೂ ಬೇಕು. ಅವ್ವನೂ ನಾನೂ ಕೂಡಿ ಹೋಗಿ ಸೇದುವ ಹಾಗಿರಬೇಕು, ಅಷ್ಟೇ. ಅಂಥ ಊರನ್ನು ಯಾರೂ ಬರೆದಿಲ್ಲವೇ ಎಂದು ಕೇಳಿದೆ. ಮಾಸ್ತರರು ಯೋಚಿಸಿ, ತಮಗೆ ಗೊತ್ತಿರುವ ಮಟ್ಟಿಗೆ ಇಲ್ಲ ಎಂದರು. ಪರೀಕ್ಷೆಗೆ ಕೂರು, ಮುಂದಿನದು ನೋಡೋಣ ಎಂದೂ ಅಂದರು. ನೋಡೋಣ. ಖಣಿ ಎಲ್ಲಿಗೂ ಓಡಿಹೋಗುವುದಿಲ್ಲ.

ಸಂಜೆ

ಈಗ ಮಾತಾಡಿದಳು. ಒಲೆಯ ಮುಂದೆ ಕುಳಿತು, ನನ್ನ ಕಡೆ ನೋಡದೆ.

"ನಾ ಚೊಲೋತ್ನ್ಯಾಗ ಸತ್ತಿದ್ನಲ್ಲೋ ಮಾಪಣ್ಣ. ಯಾಕ ಎಬ್ಬಿಸ್ದಿ?"

ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಅವ್ವ, ನೀನು ಅಷ್ಟು ಚೆನ್ನಾಗಿ ಪರಕೀಯಳಾಗಿ ನಿಂತೆ. ಆ ಕೈ ಅಷ್ಟು ಮೇಲಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ನೀನು ನನ್ನ ಅವ್ವನಲ್ಲ ಎಂದು ನಾನೂ ನಂಬಿಬಿಡುತ್ತಿದ್ದೆ.