ಸಾಣಾಪುರ ನೋಡಿ ಸಿಂಗಾಪುರಕ್ಕೆ ಹೋಗು

ಹನಮೇಶ,

ಸಿಂಗಾಪುರದ ಟಿಕೆಟಿಗೆ ನೀನು ಎಂಬತ್ತು ಸಾವಿರ ಕೊಟ್ಟೆ, ಬ್ಯಾಗಿಗೆ ಏಳು ಸಾವಿರ ಕೊಟ್ಟೆ. ಸಾವಿನ ಮನೆಗೆ ಹೊರಟವನಂಥ ನಿನ್ನ ಆ ಮುಖವೊಂದು ಮಾತ್ರ ಪುಕ್ಕಟೆ ಬಂದಿದೆ.

ನಾನು ಚಹಾದಂಗಡಿ ತೆರೆಯಲು ಕೆರೆಯ ಕಡೆ ಹೊರಟೆ. ನೀವು ಏಳುವ ಮೊದಲೇ ನಿನ್ನ ಬ್ಯಾಗು ಬಿಚ್ಚಿದ್ದೇನೆ, ಒದರಾಡಬೇಡ. ಇಡ್ಲಿ ಪಾತ್ರೆ ಮತ್ತು ಎರಡನೆಯ ಥರ್ಮಾಮೀಟರು ಕಪಾಟಿನಲ್ಲಿವೆ. ಔಷಧಿ ಮುಟ್ಟಿಲ್ಲ. ಕೂಸಿನ ಹಳೆಯ ಕೌದಿಯನ್ನು ಬ್ಯಾಗಿನಲ್ಲಿ ಮೇಲೆಯೇ ಇಟ್ಟಿದ್ದೇನೆ. ಅದೊಂದಿದ್ದರೆ ಅವಳು ವಿಮಾನದಲ್ಲೂ ಮಲಗುತ್ತಾಳೆ.

ನಮ್ಮ ಅಂಗಡಿಗೆ ಬರುವ ಫಾರಿನ್ ಮಂದಿಯನ್ನು ನೋಡು. ಅವರಿಗೂ ನಮ್ಮ ಸಾಣಾಪುರ ಪರದೇಶವೇ. ಕೂಸಿನ ಕೈಗೊಂದು ಬಾಳೆಹಣ್ಣು ಕೊಟ್ಟು, ಪಕ್ಕದಲ್ಲಿ ಮಣ್ಣಾಡಲು ಬಿಟ್ಟು, ತಾವು ಆರಾಮಾಗಿ ಚಹಾ ಕುಡಿಯುತ್ತಾರೆ. ಅತ್ತರೆ ಎತ್ತಿಕೊಳ್ಳುತ್ತಾರೆ, ಅಷ್ಟೇ. ನೀನೋ, ಕೂಸು ಒಮ್ಮೆ ಸೀನಿದರೆ ಗಂಗಾವತಿಯ ಡಾಕ್ಟರಿಗೆ ಫೋನು ಹಚ್ಚುವವನು.

ನಿನ್ನೆ ಅನ್ನಪೂರ್ಣ ರೊಟ್ಟಿ ಬಡಿಯುತ್ತ, “ಅತ್ತಿ, ನೀವ ನನ್ನ ಜೋಡಿ ಬರ್ರಿ, ಇವರು ಮನ್ಯಾಗ ಇರಲಿ” ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಹೋಗುವಾಗ ಅಂಗಡಿ ಮುಂದೆ ಗಾಡಿ ನಿಲ್ಲಿಸು, ಕೂಸಿಗೆ ಮುತ್ತು ಕೊಡಬೇಕು. ನಿನಗೆ ಹೇಳುವುದೂ ಇಷ್ಟೇ ಇದೆ: ಹೋದ ವರ್ಷ ಗೋವಾಕ್ಕೆ ಹೋಗಿ, ಕೂಸಿಗೆ ಗಾಳಿ ಬಡಿದೀತೆಂದು ಮೂರು ದಿನವೂ ರೂಮಿನ ಬಾಗಿಲು ಹಾಕಿಕೊಂಡು ಕೂತು ಬಂದಿರಿ.

ಕೂಸಿಗೆ ನೆಗಡಿ ಬರಲಿಲ್ಲ. ಅನ್ನಪೂರ್ಣ ಸಮುದ್ರ ನೋಡಲಿಲ್ಲ.

ಅವ್ವ