ಬಲಗಿವಿ, ಎಡಗೆನ್ನೆ

ಜೂನ್ ಹದಿನಾಲ್ಕು, ಮಂಗಳವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಭಾವನ ಮಂಡಿನೋವು ಹೇಗಿದೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ತಪ್ಪು ನನ್ನದೇ, ಒಪ್ಪಿದೆ. ಈ ಕಾಗದವನ್ನೇ ಬೆಳಿಗ್ಗೆಯಿಂದ ಎಷ್ಟು ಸಲ ಶುರು ಮಾಡಿದ್ದೇನೋ. ಒಂದು ಸಾಲು ಬರೆಯುತ್ತೇನೆ, ಎದ್ದು ಹೋಗಿ ಕಿಟಕಿ ಹಾಕುತ್ತೇನೆ, ಸೆಕೆ ಎಂದು ಮತ್ತೆ ತೆರೆಯುತ್ತೇನೆ, ಕನ್ನಡಿ ನೋಡಿಕೊಂಡು ಬಂದು ಕೂರುತ್ತೇನೆ. ಕೆಳಗಿನ ಮನೆಯವರು ಮೇಲೆ ಕಳ್ಳ ಹೊಕ್ಕಿದ್ದಾನೆ ಎಂದುಕೊಂಡಿರಬೇಕು.

ಫೋನಿನಲ್ಲಿ ಚೂಟಿ ನಿನಗೆ ಏನೇನು ಹೇಳಿದಳೋ. ನಿನ್ನ ಮಗಳು ಸಾಮಾನು ತಂದ ಸುದ್ದಿ ಹೇಳಿದರೂ ಅದರಲ್ಲಿ ಅರ್ಧ ಅಭಿನಯವೇ ಇರುತ್ತದೆ. ಆದ್ದರಿಂದ ನಡೆದದ್ದನ್ನು ನಾನೇ ಬರೆಯುತ್ತೇನೆ.

ಬಲಗಿವಿ ಸೋರುತ್ತಿದ್ದದ್ದು, ಬರಬರುತ್ತಾ ಮಂದವಾದದ್ದು ನಿನಗೆ ಗೊತ್ತೇ ಇದೆ. ಬೇರೆಯವರಾದರೆ ಇನ್ನೊಂದು ಕಿವಿ ಇದೆಯಲ್ಲ ಎಂದು ಸುಮ್ಮನಿರಬಹುದು. ನಾಟಕದಲ್ಲಿ ಮರೆತ ಮಾತು ಎತ್ತಿಕೊಡುವ ನನ್ನಂಥ ಪ್ರಾಂಪ್ಟರ್ ಸುಮ್ಮನಿರುವುದು ಹೇಗೆ? ಪಕ್ಕದ ಪರದೆಯ ಮರೆಯಲ್ಲಿ ನನ್ನ ಸ್ಟೂಲು, ರಂಗದ ಕಡೆಗೆ ನನ್ನ ಬಲಗಿವಿ. ಆಚೆ ಬದಿಯಲ್ಲಿ ಪರದೆಯ ಹಗ್ಗಗಳು, ಕೂರಲು ಜಾಗವೇ ಇಲ್ಲ. ನಟರು ಮಾತಿನ ನಡುವೆ ನಿಂತಾಗ ಬೇಕೆಂದೇ ನಿಂತರೋ, ಮರೆತು ನಿಂತರೋ ಎಂಬುದನ್ನು ಉಸಿರು ಕೇಳಿಯೇ ತಿಳಿಯಬೇಕು. ಮರೆತವರ ಉಸಿರು ಒಳಗೇ ಸಿಕ್ಕಿಕೊಳ್ಳುತ್ತದೆ. ನೀನು ಪಾತ್ರ ಮಾಡುತ್ತಿದ್ದಾಗ ನಿನ್ನದೂ ಹಾಗೇ ಸಿಕ್ಕಿಕೊಳ್ಳುತ್ತಿತ್ತು, ಎಷ್ಟು ಸಲ ಕೇಳಿಲ್ಲ ನಾನು!

ಎರಡು ತಿಂಗಳ ಹಿಂದೆ ನಮ್ಮ ಹೀರೋ ಅಳುವ ಮೊದಲು ಸುಮ್ಮನೆ ನಿಂತ. ಅವನ ಗಂಟಲಿಗೆ ಹೆದರಿ ನಾವು ‘ನಗಾರಿ’ ಎನ್ನುತ್ತೇವಲ್ಲ, ಅವನೇ. ಮರೆತನೆಂದು ನಾನು ಮಾತು ಎತ್ತಿಕೊಟ್ಟೆ. ಮುಂದಿನ ಸಾಲಿನವರೆಲ್ಲ ನಕ್ಕರು. “ಅಳೋಕಾದ್ರೂ ಬಿಡಿ ಮೇಡಂ,” ಎಂದ ಆಮೇಲೆ. ಮರುದಿನವೇ ಡಾಕ್ಟರ ಹತ್ತಿರ ಓಡಿದೆ. ಚೂಟಿಯ ಮೊದಲ ದೊಡ್ಡ ಪಾತ್ರ, ಬರುವ ಶನಿವಾರ ಮೊದಲ ಪ್ರದರ್ಶನ. ಅಷ್ಟರಲ್ಲಿ ನನ್ನ ಕಿವಿ ಸರಿಯಾಗಲೇಬೇಕಿತ್ತು.

ಹೋದ ತಿಂಗಳು ಆಪರೇಷನ್ ಆಯಿತು. ಅನಸ್ತೇಷಿಯಾ ಕೊಟ್ಟು, ತಲೆಯನ್ನು ಎಡಕ್ಕೆ ಹೊರಳಿಸಿ ಗಂಟೆಗಟ್ಟಲೆ ಹಾಗೇ ಇಟ್ಟಿದ್ದರಂತೆ. ಎಚ್ಚರವಾದಾಗ ಬಲಗಿವಿಗೆ ದೊಡ್ಡ ಬ್ಯಾಂಡೇಜು. ಸರಿ, ಅದು ನಿರೀಕ್ಷಿಸಿದ್ದೇ. ಆದರೆ ಎಡಗೆನ್ನೆ ಯಾಕೆ ಬಿಗಿಯುತ್ತಿದೆ? ಮುಟ್ಟಿ ನೋಡಿಕೊಂಡರೆ ಕಿವಿಯ ಬುಡದಿಂದ ದವಡೆಯವರೆಗೆ ನಾದಿದ ಹಿಟ್ಟಿನ ಮುದ್ದೆ ಇಟ್ಟ ಹಾಗಿತ್ತು. ಬಾಯಿ ತೆರೆಯಲೂ ಆಗುತ್ತಿಲ್ಲ. ಇವರು ಕಿವಿ ಬಿಟ್ಟು ಕೆನ್ನೆ ಕೊಯ್ದರೋ ಹೇಗೆ ಎಂದು ಕೈಬೀಸಿ ನರ್ಸನ್ನು ಕರೆದೆ. ನರ್ಸ್ ನೋಡಿದವಳೇ, “ಅಯ್ಯೋ, ಮಂಗನಬಾವು ಇರ್ಬೇಕು,” ಎಂದಳು. ಪಕ್ಕದ ಹಾಸಿಗೆಯಾಕೆ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು.

ಅದೇ ಹೊತ್ತಿಗೆ ಚೂಟಿ ನಗಾರಿಯನ್ನೂ ಕರೆದುಕೊಂಡು ಬಂದಳು. ನಾನು ಅವಳೊಬ್ಬಳಿಗೇ ಎಂದು ತುಟಿಯಷ್ಟೇ ಆಡಿಸಿ, ‘ನನಗೆ ಭಯವಾಗ್ತಿದೆ’ ಎಂದೆ. ಆದರೆ ನಗಾರಿ ಎಷ್ಟೋ ವರ್ಷದಿಂದ ನನ್ನ ತುಟಿ ನೋಡಿಯೇ ಮಾತಾಡಿದವನು. ಅಭ್ಯಾಸ ಬಿಡುತ್ತದೆಯೇ? ಎದೆಯ ಮೇಲೆ ಕೈಯಿಟ್ಟು, ಇಡೀ ವಾರ್ಡು ನಡುಗುವಂತೆ “ನನಗೆ ಭಯವಾಗ್ತಿದೆ!” ಎಂದುಬಿಟ್ಟ. ಕಾರಿಡಾರಿನಿಂದ ಡಾಕ್ಟರು ಓಡಿ ಬಂದರು. “ಯಾರಿಗ್ರೀ ಭಯ?” ಎಂದರೆ ಇವನು ನನ್ನ ಕಡೆ ಬೆರಳು ತೋರಿಸಿದ. ನಗು ಬಂತು, ನಕ್ಕರೆ ಪ್ರಾಣ ಹೋಗುವ ನೋವು. ಅಳುವೂ ಬಂತು, ಅಕ್ಕ. ನಿಜವಾಗಿಯೂ ಭಯವಾಗಿತ್ತು.

ಡಾಕ್ಟರು ಕೆನ್ನೆ ಒತ್ತಿ ನೋಡಿ, “ಮಂಗನಬಾವು ಅಲ್ಲಮ್ಮ, ಯಾರಿಗೂ ಅಂಟಲ್ಲ. ಜೊಲ್ಲಿನ ಗ್ರಂಥಿ ಊದಿದೆ. ಅನಸ್ತೇಷಿಯಾದಲ್ಲಿ ತಲೆ ಒಂದೇ ಕಡೆ ತುಂಬ ಹೊತ್ತು ತಿರುಗಿಸಿಟ್ಟಾಗ, ಮೈಯಲ್ಲಿ ನೀರು ಕಡಿಮೆಯಾದಾಗ, ಎಲ್ಲೋ ಒಬ್ಬರಿಗೆ ಹೀಗಾಗತ್ತೆ. ನಾನೂ ಓದಿದ್ದೇನೆ ಅಷ್ಟೇ, ನೋಡ್ತಿರೋದು ಇದೇ ಮೊದಲು. ತಾನಾಗೇ ಇಳಿಯತ್ತೆ,” ಎಂದರು. ಅವರ ಮುಖದಲ್ಲಿ ಸಣ್ಣ ಸಂಭ್ರಮ ಬೇರೆ! ನನಗೆ ಮೈಯೆಲ್ಲ ಉರಿದುಹೋಯಿತು. ಉಸಿರಾಟಕ್ಕೆ ತೊಂದರೆಯಾಗದಿರಲಿ ಎಂದು ಎರಡು ದಿನ ಹೆಚ್ಚು ಇಟ್ಟುಕೊಂಡರು. ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರೆಲ್ಲ ಸಾಲಾಗಿ ಬಂದು ನೋಡಿ ಹೋದರು. ಜೀವಮಾನವೆಲ್ಲ ಪರದೆಯ ಹಿಂದೆ ಕೂತವಳಿಗೆ ಇಷ್ಟು ಪ್ರೇಕ್ಷಕರು ಸಿಕ್ಕಿದ್ದು ಆಗಲೇ.

ಚೂಟಿ ವೇಷದ ಪೆಟ್ಟಿಗೆ ತಡಕಿ ನಿನ್ನ ಹಳೆಯ ನೀಲಿ ಸ್ಕಾರ್ಫ್ ತಂದು ಗದ್ದದ ಕೆಳಗಿನಿಂದ ನೆತ್ತಿಗೆ ಕಟ್ಟಿದಳು. “ಚಿಕ್ಕಮ್ಮ, ನೀವೀಗ ಥೇಟ್ ಉಡುಗೊರೆ ಪೊಟ್ಟಣ,” ಎಂದಳು. ಬಿಸಿ ಬಟ್ಟೆಯ ಶಾಖ, ಲೋಟಗಟ್ಟಲೆ ನೀರು, ಚೀಪಲು ನಿಂಬೆಹೋಳು, ಎಲ್ಲವನ್ನೂ ಹೊತ್ತುಹೊತ್ತಿಗೆ ನೋಡಿಕೊಂಡಳು. ಒಳ್ಳೆಯ ಮಗಳನ್ನು ಹೆತ್ತಿದ್ದೀಯ. ಬೀದಿಯಲ್ಲಿ ಹೊರಟರೆ ಹಾಲಿನವನಿಂದ ಹಿಡಿದು ದರ್ಜಿಯವರೆಗೆ ಎಲ್ಲರೂ “ಕೆನ್ನೆ ಹೇಗಿದೆ?” ಎಂದೇ ಕೇಳುತ್ತಾರೆ. ಸ್ಕಾರ್ಫ್ ಕಟ್ಟಿಕೊಂಡೇ ಓಡಾಡುತ್ತಿದ್ದೇನೆ.

ಇಷ್ಟು ಬರೆಯುವುದರಲ್ಲಿ ಮತ್ತೆರಡು ಸಲ ಎದ್ದು ಬಂದೆ. ಇನ್ನು ಸಾಕು. ಭಾವನಿಗೆ ನಮಸ್ಕಾರ ತಿಳಿಸು. ಚೂಟಿಗೆ ಶನಿವಾರ ಒಳ್ಳೆಯದಾಗಲಿ ಎಂದು ಅಲ್ಲಿಂದಲೇ ಹರಸು. ಹಾಗೇ ನನ್ನ ತಲೆಯ ಮೇಲೂ ಒಂದು ಕೈ ಇಡು.

ನಿನ್ನ
ತಂಗಿ

ವಿ.ಸೂ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಅಕ್ಕ, ಊತ ಹೋದ ವಾರವೇ ಪೂರ್ತಿ ಇಳಿದಿದೆ. ಕೆನ್ನೆ ಮೊದಲಿನ ಹಾಗೇ ಇದೆ. ಅದೇ ವಾರ ಕಿವಿಯ ಬ್ಯಾಂಡೇಜು, ಹತ್ತಿ ಎಲ್ಲ ತೆಗೆದರು. ಬಲಗಿವಿಗೆ ಏನೂ ಕೇಳಿಸುತ್ತಿಲ್ಲ. ಡಾಕ್ಟರು ನನ್ನ ಎಡಕ್ಕೆ ಬಂದು ನಿಂತು, “ಸೋರೋದು ನಿಂತಿದೆಯಮ್ಮ. ಕೇಳಿಸೋದು ಮಾತ್ರ ಇನ್ನು ವಾಪಸ್ ಬರಲ್ಲ,” ಎಂದರು. ಊತದ ಗಲಾಟೆಯಲ್ಲಿ ಕಿವಿ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ನೀನೂ ಕೇಳಲಿಲ್ಲ.

ನಿನ್ನೆ ರಿಹರ್ಸಲಿನಲ್ಲಿ ಚೂಟಿ ಮಾತಿನ ನಡುವೆ ನಿಂತಳು. ಉಸಿರು ಕೇಳಿಸಲಿಲ್ಲ. ಬೇಕೆಂದೇ ನಿಂತಿದ್ದಾಳೆ ಎಂದುಕೊಂಡು ಸುಮ್ಮನೆ ಕೂತೆ. ಮರೆತಿದ್ದಳು. ಕಣ್ಣು ತುಂಬಿಕೊಂಡು ನನ್ನ ಕಡೆ ತಿರುಗಿದಾಗಲೇ ನನಗೆ ಗೊತ್ತಾದದ್ದು. ಆಮೇಲೆ ಅವಳೇ ಎಲ್ಲರಿಗೂ, “ಪಾಪ, ಚಿಕ್ಕಮ್ಮಂಗೆ ಇನ್ನೂ ದವಡೆ ನೋವು, ಬಾಯಿ ತೆಗೆಯೋಕಾಗಲ್ಲ,” ಎಂದು ಸಮಾಧಾನ ಹೇಳಿದಳು. ನಾನು ಹೌದೆಂದು ತಲೆಯಾಡಿಸಿ ಕೆನ್ನೆ ಹಿಡಿದುಕೊಂಡೆ. ಸ್ಕಾರ್ಫ್ ಬಿಚ್ಚದಿರುವುದು ಅದಕ್ಕೇ. ಊತವಾದರೆ ಇಳಿಯುವ ತನಕ ಕಾಯುತ್ತಾರೆ.

ಶನಿವಾರದೊಳಗೆ ಹೇಳಲೇಬೇಕು. ಇಲ್ಲದಿದ್ದರೆ ಅಷ್ಟು ಜನರ ಮುಂದೆ ಹುಡುಗಿ ನನ್ನನ್ನು ನಂಬಿ ನಿಂತುಬಿಡುತ್ತಾಳೆ. ಆ ಸ್ಟೂಲಿನ ಮೇಲೆ ಬೇರೆಯವರನ್ನು ಕೂರಿಸಿ ಎಂದು ನನ್ನ ಬಾಯಿಂದಲೇ ಬರಬೇಕು. ಬಾಯಿ ಈಗ ಚೆನ್ನಾಗಿಯೇ ತೆರೆಯುತ್ತದೆ, ಮಾತು ಬರುತ್ತಿಲ್ಲ. ಅಷ್ಟು ವರ್ಷ ನಿನಗೆ ನಾನು ಹೇಳಿಕೊಟ್ಟೆ. ಈ ಒಂದು ಸಲ, ಮೊದಲ ಮಾತು ಯಾವುದು ಎಂದು ನನಗೆ ನೀನು ಹೇಳಿಕೊಡು, ಅಕ್ಕ.