ಜೀಪಿನ ಒಲೆ

ಪ್ರವಾಸಿ ಬಂಗಲೆ, ಕುಮಟಾ
೨೧ ಮೇ ೧೯೬೪

ಪ್ರೀತಿಯ ಸುಬ್ಬಕ್ಕಾ,

ಧಾರವಾಡದಲ್ಲಿ ನೀನೂ ಭಾವನೂ ಸುಖವೆಂದು ನಂಬಿದ್ದೇನೆ. ಈ ಪತ್ರವನ್ನು ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿದ್ದೆ. ಓದಿದರೆ ಕಚೇರಿಯ ವರದಿಯಂತೆ ಕಂಡಿತು, ಹರಿದು ಹಾಕಿದೆ.

ರೋಮಿನ ಮುಖ್ಯ ಕಚೇರಿಯಿಂದ ಕರೆ ಬಂದಿದೆ. ನಮ್ಮ ಸಂಸ್ಥೆಯ ಗ್ರಾಮ ವಿಭಾಗಕ್ಕೆ, ಒಂಬತ್ತು ದೇಶಗಳ ಕೆಲಸಕ್ಕೆ, ನಾನು ಮುಖ್ಯಸ್ಥೆಯಾಗಬೇಕಂತೆ. ಗ್ರಾಮಸೇವಿಕೆಯರಿಗೆ ಪಾಠ ಹೇಳುತ್ತ ಶುರುಮಾಡಿದವಳು ನಾನು. ಸೋಮವಾರದೊಳಗೆ ಒಪ್ಪಿಗೆಯ ತಂತಿ ಕೊಡಬೇಕು. ನೀನು ಹಿಗ್ಗುತ್ತೀಯೆಂದು ಗೊತ್ತು. ಸ್ವಲ್ಪ ತಡೆ.

ಈ ಹುದ್ದೆ ಬಂದದ್ದು ಇಲ್ಲೇ ಹತ್ತಿರದ ಬಾಡ ಎಂಬ ಹಳ್ಳಿಯ ಒಲೆಗಳಿಂದ. ಕಳೆದ ವರ್ಷ ಅಲ್ಲಿ ಅರವತ್ತು ಮನೆಗಳಲ್ಲಿ ಹೊಗೆಯಿಲ್ಲದ ಒಲೆ ಕಟ್ಟಿಸಿದೆವು. ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಮೂರು ಸಲ ಜೀಪಿನಲ್ಲಿ ಹೋಗಿ ನೋಡಿದೆ. ಪ್ರತಿ ಮನೆಯಲ್ಲೂ ಹೊಸ ಒಲೆಯೇ ಉರಿಯುತ್ತಿತ್ತು. ಹಾಗೆಂದೇ ವರದಿ ಬರೆದೆ. ಈಗ ಅದೇ ಒಲೆಯನ್ನು ಒಂಬತ್ತು ದೇಶಗಳಲ್ಲಿ ಕಟ್ಟಿಸುತ್ತಾರೆ, ನನ್ನ ಕೈಯಿಂದಲೇ.

ಮೊನ್ನೆ ಜೀಪು ಕೆಟ್ಟಿತ್ತು. ಬಸ್ಸಿನಲ್ಲಿ ಹೋಗಿ, ಉಳಿದ ದಾರಿ ನಡೆದೆ. ಮನೆಮನೆಯ ಹುಲ್ಲುಮಾಡಿನಿಂದ ಹೊಗೆ ಏಳುತ್ತಿತ್ತು. ಲಕ್ಕಿಯೆಂಬವಳು ಹಳೆಯ ಒಲೆಯ ಮುಂದೆ ಕೂತಿದ್ದಳು. ಹೊಸದರ ಮೇಲೆ ಕೋಳಿ ಕಾವಿಗೆ ಕೂತಿತ್ತು. ನನ್ನನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಅದು ಜೀಪಿನ ಒಲೆ, ಅಮ್ಮಾ. ಸದ್ದು ಕೇಳ್ದಾಗ ಹಚ್ಚುದು. ದೂರದಿಂದ ಬಂದವ್ರಿಗೆ ಬೇಜಾರ ಆಗೂದು ಬೇಡ ಅಂತ” ಎಂದಳು. ಹಳೆಯದೇ ಯಾಕೆಂದು ಕೇಳಿದರೆ ಮೇಲೆ ಕೈ ತೋರಿಸಿದಳು. ಒಲೆಯ ನೇರಕ್ಕೆ, ಬೀಜದ ಭತ್ತ ತುಂಬಿದ ಹುಲ್ಲಿನ ಮುಡೆ ತೂಗುತ್ತಿತ್ತು, ಹೊಗೆ ಹಿಡಿದು ಕಪ್ಪಾಗಿ. ಹೊಗೆ ತಾಗದಿದ್ದರೆ ಬೀಜಕ್ಕೆ ಹುಳ ಬೀಳುತ್ತದೆ.

ನನ್ನ ಮಾತನ್ನು ಪೂರ್ತಿ ನಂಬಿದವಳು ಅವಳ ಓರಗಿತ್ತಿ ಸುಕ್ರಿಯೊಬ್ಬಳೇ. ಹಳೆಯ ಒಲೆಯನ್ನೇ ಒಡೆದಿದ್ದಳು. ಬಿತ್ತನೆಗೆ ಇನ್ನು ಹದಿನೈದು ದಿನ. ಅವಳ ಮುಡೆ ಬಿಚ್ಚಿದರೆ ಕೈಗೆ ಬರೀ ಹಿಟ್ಟು ಸಿಕ್ಕಿತು. “ನೀವು ಹೇಳ್ದಂಗೇ ಮಾಡಿದ್ದೆ, ಅಮ್ಮಾ” ಎಂದಳು, ತಪ್ಪು ತನ್ನದೇ ಎಂಬಂತೆ. ಲಕ್ಕಿ ಬಿಡಲಿಲ್ಲ: “ಇವಳೊಬ್ಳು ನೋಡಿ, ಜೀಪು ಹೋದ್ಮೇಲೂ ಹಚ್ಚಿದ್ಳು!” ಹಾಗೆಂದವಳೇ ತನ್ನ ಮುಡೆ ಇಳಿಸಿ ಅರ್ಧ ಬೀಜ ಅವಳ ಗೆರಸಿಗೆ ಸುರಿದಳು.

ನಿಜ ಬರೆದರೆ ರೋಮ್ ಕೈತಪ್ಪುತ್ತದೆ. ಬರೆಯದಿದ್ದರೆ ಇನ್ನೆಷ್ಟು ಸುಕ್ರಿಯರೋ! ಆದರೆ ಲಕ್ಕಿಯ ಕೆಂಪಾದ ಕಣ್ಣೂ ಸುಳ್ಳಲ್ಲ, ಅವಳ ಮಗುವಿನ ಕೆಮ್ಮೂ ಸುಳ್ಳಲ್ಲ. ಒಲೆಯದು ತಪ್ಪೋ, ನನ್ನದೋ? ನಾನು ಹೋಗದಿದ್ದರೆ ಆ ಕುರ್ಚಿಯಲ್ಲಿ ಕೂರುವವರು ಮುಡೆಯನ್ನು ಕಂಡೇ ಇರುವುದಿಲ್ಲ. ಇದು ವಿವೇಕವೋ ಆಸೆಯೋ, ನನಗೇ ತಿಳಿಯುತ್ತಿಲ್ಲ. ಕತಗಾಲದ ಅಜ್ಜಿಮನೆಯಲ್ಲೂ ಒಲೆಯ ಮೇಲೆ ಮುಡೆ ತೂಗುತ್ತಿತ್ತಲ್ಲ, ಅದನ್ನು ಹೇಗೆ ಮರೆತೆ?

ತಂತಿ ಕೊಡಲೋ ಬೇಡವೋ, ಅಕ್ಕಾ?

ಏನೂ ತೋಚದ ನಿನ್ನ ತಂಗಿ,
ವನಮಾಲಾ

ತಾ.ಕ.: ಮರೆತೆ ಎಂದು ಬರೆದೆ. ಮರೆತಿರಲಿಲ್ಲ. ಮೊದಲ ಸಲ ಹೋದಾಗಲೇ ಮೇಲಿನ ಮುಡೆಯನ್ನೂ, ಹೊಸ ಒಲೆಯ ಬಾಯಿ ಕಪ್ಪಾಗದೆ ಇದ್ದುದನ್ನೂ ನೋಡಿದ್ದೆ. ಕೇಳಲಿಲ್ಲ. ಇಷ್ಟನ್ನು ರೋಮಿಗೆ ಬರೆಯಲು ಬೆಳಿಗ್ಗೆಯಿಂದ ಕೂತರೂ ಆಗಿರಲಿಲ್ಲ. ನಿನಗೆ ಬರೆಯುವಾಗ ಬಂತು. ಈ ಹಾಳೆ ನೋಡಿಕೊಂಡೇ ಅವರಿಗೂ ಬರೆದು, ಎರಡನ್ನೂ ಒಟ್ಟಿಗೇ ಟಪಾಲಿಗೆ ಹಾಕುತ್ತಿದ್ದೇನೆ. ತಂತಿಯಲ್ಲಿ ‘ಪತ್ರ ಬರುತ್ತಿದೆ’ ಎಂದಷ್ಟೇ ತಿಳಿಸುತ್ತೇನೆ. ಅದನ್ನು ಓದಿಯೂ ಅವರು ಕರೆದರೆ ಏನು ಮಾಡಲಿ, ಅದನ್ನು ಹೇಳು.